ಜಮೆಯಾಗದ ಪಿಸ್ತೂಲು

ಹೇಮಶ್ರೀಯ ಕೈಗುಣದ ಬಗ್ಗೆ ಮೈಸೂರಿನ ಯಾದವಗಿರಿಯ ಮನೆಗಳಲ್ಲಿ ಒಳ್ಳೆಯ ಮಾತಿತ್ತು. ಬೋಗಾದಿ ರಸ್ತೆಯ ಒಂದು ಲ್ಯಾಬಿನಲ್ಲಿ ಅವಳು ಟೆಕ್ನಿಷಿಯನ್. ಬೆಳಿಗ್ಗೆ ಬೇಗ ಸ್ಕೂಟರಿನಲ್ಲಿ ಹೊರಟು, ಖಾಲಿ ಹೊಟ್ಟೆಯಲ್ಲಿ ಕಾದು ಕುಳಿತಿರುವ ವಯಸ್ಸಾದವರ ಮನೆಗಳಿಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ನರವೇ ಕಾಣದ ತೋಳಿನಲ್ಲೂ ಒಂದೇ ಸಲಕ್ಕೆ ಸೂಜಿ ಕೂರಿಸುತ್ತಿದ್ದಳು. "ಬೇರೆ ಯಾರನ್ನೂ ಕಳಿಸ್ಬೇಡಿ, ಹೇಮಾನೇ ಬರ್ಲಿ" ಎಂದು ಲ್ಯಾಬಿಗೆ ಫೋನು ಬರುತ್ತಿತ್ತು.

ಅವಳ ತಂದೆ ಶಿವಲಿಂಗಯ್ಯ ಒಂದು ಮಠದ ವಿದ್ಯಾರ್ಥಿನಿಲಯದಲ್ಲಿ ಅಡುಗೆಮನೆಯ ಉಸ್ತುವಾರಿಯಾಗಿದ್ದವರು. ಮಗಳಿಗೆ ಡಿಪ್ಲೊಮಾ ಮಾಡಿಸಿದ್ದೂ ಮಠದ ಆಸರೆಯಲ್ಲೇ, ಗಂಡು ನೋಡಿದ್ದೂ ಮಠಕ್ಕೆ ನಡೆದುಕೊಳ್ಳುವವರ ಪೈಕಿಯೇ. ಹುಡುಗ ಸಿದ್ದಲಿಂಗಸ್ವಾಮಿ, ಸೈನ್ಯದಲ್ಲಿ ನಾಯಕ್. ಕಾರ್ಗಿಲ್ ಯುದ್ಧ ಮುಗಿದು ಎರಡು ವರ್ಷವಾಗಿತ್ತಷ್ಟೆ. ಮದುವೆಯ ದಿನ ಛತ್ರಕ್ಕೆ ಬಂದವರು ಮೊದಲು ಮದುಮಗನ ಕೈ ಕುಲುಕಿ, ಆಮೇಲೆ ಅಕ್ಷತೆ ಹಾಕಿದರು. ಯಾರೋ ದೂರದ ನೆಂಟರು ಅವನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಊಟಕ್ಕೂ ಕೂರದೆ ಹೋದರು. ಹೇಮಶ್ರೀಗೆ ಹೆಮ್ಮೆಯಾಗಿತ್ತು. ಆದರೆ ಅಷ್ಟೆಲ್ಲ ಹೊಗಳಿಕೆಯ ನಡುವೆಯೂ ಅವನು ತಲೆ ತಗ್ಗಿಸಿಕೊಂಡೇ ಇದ್ದುದನ್ನು ಅವಳು ನಾಚಿಕೆ ಎಂದುಕೊಂಡಳು.

ಪಿಸ್ತೂಲು ಅವಳ ಕಣ್ಣಿಗೆ ಬಿದ್ದದ್ದು ಮದುವೆಯಾದ ಮೊದಲ ವರ್ಷ. ಗಂಡ ರಜೆಗೆ ಬಂದಿದ್ದ. ಬಿಳಿ ಅಕ್ಷರದಲ್ಲಿ ಹೆಸರು, ನಂಬರು ಬರೆದ ಅವನ ಕರಿಯ ಟ್ರಂಕಿಗೆ ಬಿಸಿಲು ತೋರಿಸೋಣ ಎಂದು ಅವಳು ಉಲ್ಲನ್ ಬಟ್ಟೆಗಳನ್ನು ತೆಗೆಯುತ್ತಿದ್ದಳು. ಕೆಳಗೆ, ಒಂದು ಮಫ್ಲರಿನಲ್ಲಿ ಸುತ್ತಿಟ್ಟ ಭಾರವಾದ ಗಂಟು ಕೈಗೆ ಸಿಕ್ಕಿತು. ಬಿಚ್ಚಿದಳು. ಸ್ವಾಮಿ ಓಡಿ ಬಂದು ಕಿತ್ತುಕೊಳ್ಳಲಿಲ್ಲ, ಬೈಯಲೂ ಇಲ್ಲ. ಬಾಗಿಲು ಮುಂದೆ ಮಾಡಿ, ಅವಳ ಎದುರಿಗೆ ಕುಳಿತುಕೊಂಡ.

"ಇದು ಶತ್ರುಗಳ ಕಡೆ ಆಫೀಸರ್‌ದು. ನಾನೇ ತಂದಿದ್ದು."

"ಇಂಥಾದ್ನೆಲ್ಲ ತರ್ಬೋದಾ?"

"ತರೋ ಹಾಗಿಲ್ಲ."

ಯುದ್ಧ ನಿಂತ ಮೇಲೆ ಅವರ ಪಲ್ಟನ್ನಿನಲ್ಲಿ ನೆಲದ ಮೇಲೆ ದೊಡ್ಡ ಟಾರ್ಪಾಲು ಹಾಸಿದ್ದರಂತೆ. ಬಂಕರುಗಳಲ್ಲಿ ಸಿಕ್ಕಿದ್ದನ್ನೆಲ್ಲ ಅದರ ಮೇಲೆ ತಂದಿಡಬೇಕೆಂದು ಹುಕುಂ. ರೈಫಲ್ಲು, ರೇಡಿಯೊ, ದುರ್ಬೀನು, ಬೂಟು, ಕೊನೆಗೆ ಬಿಸ್ಕತ್ತಿನ ಪೊಟ್ಟಣ ಕೂಡ. ಯುದ್ಧದಲ್ಲಿ ಗೆದ್ದ ಆಯುಧ ಗೆದ್ದವನದಲ್ಲ, ಸರ್ಕಾರದ್ದು. ಇಟ್ಟುಕೊಂಡವನಿಗೆ ಕೋರ್ಟ್ ಮಾರ್ಷಲ್. ದೊಡ್ಡದನ್ನು ರೆಜಿಮೆಂಟಿನ ಗಾಜಿನ ಕಪಾಟಿನಲ್ಲಿ ಇಡುತ್ತಾರೆ, ಉಳಿದದ್ದು ಗೋದಾಮಿಗೆ ಹೋಗುತ್ತದೆ. ಇದನ್ನೆಲ್ಲ ಸ್ವಾಮಿ ಹೆಂಡತಿಗೆ ಪಾಠ ಹೇಳಿದ ಹಾಗೆ ಹೇಳಿದ. ತಾನೇಕೆ ಇಡಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

"ಈಗ್ಲಾದ್ರೂ ಕೊಟ್ಬುಡಿ."

"ಈಗ ಕೊಟ್ರೆ ಇಷ್ಟು ದಿನ ಎಲ್ಲಿತ್ತು ಅಂತಾರೆ. ಕಾಲ ದಾಟೋಯ್ತು ಹೇಮ. ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಅವಳು ಬಿಡಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದ ಹಿರಿಯರಿದ್ದರೆ ಹೇಗೆ ಒಗ್ಗಿಕೊಳ್ಳುತ್ತಾರೋ ಹಾಗೆ ಆ ಗಂಟಿಗೆ ಒಗ್ಗಿಕೊಂಡಳು. ಮಗಳು ಸಮನ್ವಿತಾ ಹುಟ್ಟಿದಳು. ಸ್ವಾಮಿ ಹವಾಲ್ದಾರನಾಗಿ ನಿವೃತ್ತನಾದ. ಬೋಗಾದಿಯಲ್ಲಿ ಆಗ ಇನ್ನೂ ಹೊಲಗಳ ನಡುವೆ ಕಲ್ಲು ನೆಟ್ಟಿದ್ದ ಒಂದು ಬಡಾವಣೆಯಲ್ಲಿ ಸಣ್ಣ ಮನೆ ಕಟ್ಟಿಸಿದರು. ನೋಡನೋಡುತ್ತ ಸುತ್ತ ನಾಲ್ಕಂತಸ್ತಿನ ಪಿ.ಜಿ.ಗಳೆದ್ದವು, ಬೀದಿಯ ತುಂಬ ಕಾಲೇಜು ಹುಡುಗರ ಬೈಕುಗಳಾದವು. ಟ್ರಂಕು ಮಾತ್ರ ಒಳಕೋಣೆಯ ಮಂಚದ ಕೆಳಗೆ ಇದ್ದಲ್ಲೇ ಇತ್ತು. ಅದರ ಬೀಗದ ಕೈ ಸ್ವಾಮಿಯ ಉಡಿದಾರದಲ್ಲಿತ್ತು.

ನಿವೃತ್ತಿಯ ಮೇಲೆ ಅವನಿಗೆ ಕಡಕೊಳದ ಒಂದು ಕಾರ್ಖಾನೆಯಲ್ಲಿ ಗನ್‌ಮ್ಯಾನ್ ಕೆಲಸ ಸಿಕ್ಕಿತು. ಅಂಥ ಕೆಲಸಕ್ಕೆ ಸ್ವಂತ ಬಂದೂಕು, ಅದಕ್ಕೆ ಲೈಸೆನ್ಸು ಬೇಕು. ಎರಡು ನಳಿಗೆಯ ಬಂದೂಕೊಂದನ್ನು ಕೊಂಡ. ಅದರ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟಿನ ಮನುಷ್ಯ ಮೈಸೂರಿನಲ್ಲೇ ಇರಲಿಲ್ಲ. ಚುನಾವಣೆ ಘೋಷಣೆಯಾದರೆ ಲೈಸೆನ್ಸುದಾರರೆಲ್ಲ ಬಂದೂಕು ಠಾಣೆಗೆ ಒಪ್ಪಿಸಬೇಕಲ್ಲ, ಉಳಿದವರಿಗೆ ಪೊಲೀಸರು ಫೋನು ಮಾಡಿ ಮಾಡಿ ಸಾಕಾಗುತ್ತಿದ್ದರು. ಸ್ವಾಮಿ ಮಾತ್ರ ಟಿ.ವಿ.ಯಲ್ಲಿ ಸುದ್ದಿ ಕೇಳಿದ ಮರುದಿನವೇ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಠಾಣೆಯ ಮೆಟ್ಟಿಲು ಹತ್ತುತ್ತಿದ್ದ. "ಹವಾಲ್ದಾರ್ ಸಾಹೇಬ್ರು ಬಂದ್ರು ಅಂದ್ರೆ ಎಲೆಕ್ಷನ್ ಬಂತು ಅಂತ" ಎಂದು ಠಾಣೆಯವರು ನಗುತ್ತಿದ್ದರು.

ಅವನಿಗಿದ್ದ ಇನ್ನೊಂದು ನೇಮವೆಂದರೆ ರಾಮಯ್ಯನ ಊರು. ರಾಮಯ್ಯ ಅವನ ಜೊತೆಯಲ್ಲೇ ಭರ್ತಿಯಾಗಿ, ಜೊತೆಯಲ್ಲೇ ಕಾರ್ಗಿಲ್ ಬೆಟ್ಟ ಹತ್ತಿ, ಅಲ್ಲೇ ತೀರಿಕೊಂಡವನು. ಕಡಕೊಳದಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ಅವನ ಹಳ್ಳಿ. ಊರ ಬಾಗಿಲಲ್ಲಿ ಅವನ ಎದೆಮಟ್ಟದ ಪ್ರತಿಮೆ, ಅದರ ಸುತ್ತ ಕಬ್ಬಿಣದ ಬೇಲಿ. ಶಾಲೆಗೂ ಅವನದೇ ಹೆಸರು. ಸ್ವಾಮಿ ಪ್ರತಿ ಜುಲೈನಲ್ಲಿ ಅಲ್ಲಿಗೆ ಹೋಗಿ ಹಾರ ಹಾಕಿ, ರಾಮಯ್ಯನ ತಾಯಿ ದೇವಮಣ್ಣಿಯ ಮನೆಯಲ್ಲಿ ಮುದ್ದೆ ಉಂಡು ಬರುತ್ತಿದ್ದ. ನಡುನಡುವೆಯೂ ಹೋಗುತ್ತಿದ್ದ. ಆಕೆಯ ಕಣ್ಣಿನ ಪೊರೆ ತೆಗೆಸಿದವನು ಅವನೇ. ಹೇಮಶ್ರೀ ಕೆಲವು ಸಲ ಜೊತೆಗೆ ಹೋಗಿದ್ದಳು. ಮುದುಕಿ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದಳು.

"ಸಾಯೋ ಗಳಿಗೇಲಿ ಏನಾರ ಅಂದ್ನಾ ಮಗಾ ನನ್ ಕೂಸು?"

"ಅವ್ವನ್ನ ನೋಡ್ಕೊ ಅಂದ ಕಣವ್ವ."

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸಮಾಧಾನದಿಂದ ಇನ್ನೊಂದು ಮುದ್ದೆ ಬಡಿಸುತ್ತಿದ್ದಳು.

ಎರಡು ಸಾವಿರದ ಇಪ್ಪತ್ತನಾಲ್ಕರ ಸಂಕ್ರಾಂತಿ ಕಳೆದ ಮೇಲೆ ದೇವಮಣ್ಣಿ ತೀರಿಕೊಂಡಳು. ಸ್ವಾಮಿ ಮಗನ ಹಾಗೆ ನಿಂತು ಮಣ್ಣು ಮಾಡಿ ಬಂದ. ಬಂದವನು ಬೇರೆಯವನೇ ಆಗಿದ್ದ. ದಿನವೂ ತಪ್ಪದೆ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂರುತ್ತಿದ್ದವನು, ಈಗ ಕುಳಿತರೆ ಏಳುತ್ತಲೇ ಇರಲಿಲ್ಲ. ಕಣ್ಣು ತೆರೆದೇ ಇರುತ್ತಿತ್ತು. ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಸಮನ್ವಿತಾ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. "ಅಪ್ಪ, ಡಾಕ್ಟರ್ ಹತ್ರ ಹೋಗೋಣ್ವಾ?" ಎಂದರೆ, "ನನಗೇನಾಗಿದೆ, ಗಟ್ಟಿಯಾಗಿದೀನಿ" ಎನ್ನುತ್ತಿದ್ದ. ಒಂದು ದಿನ ಹೇಮಶ್ರೀಯ ಹತ್ತಿರ ಮಾತ್ರ, "ಇಷ್ಟು ದಿನ ಆ ಅವ್ವ ಇದ್ಳಲ್ಲ, ಅವಳಿಗೋಸ್ಕರ ಇರ್ಬೇಕಿತ್ತು" ಎಂದ. ಅವನು ಆಡದೆ ಬಿಟ್ಟ ಆ ಮಾತಿನ ಕೊನೆ ಅವಳಿಗೆ ಕೇಳಿಸಿತು.

ಮಾರ್ಚಿನಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಸ್ವಾಮಿ ಎಂದಿನಂತೆ ಬಂದೂಕನ್ನು ಠಾಣೆಗೆ ಕೊಟ್ಟು ಬಂದ. ಅದಾದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ, ಹೇಮಶ್ರೀ ತಲೆನೋವೆಂದು ಲ್ಯಾಬಿನಿಂದ ಬೇಗ ಮನೆಗೆ ಬಂದಳು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಗಂಡ ನೆಲದ ಮೇಲೆ ಟ್ರಂಕಿಗೆ ಒರಗಿ ಕುಳಿತಿದ್ದ. ಮಫ್ಲರು ಬಿಚ್ಚಿ ಬಿದ್ದಿತ್ತು, ಪಿಸ್ತೂಲು ತೊಡೆಯ ಮೇಲಿತ್ತು. ಅವನು ವರ್ಷಕ್ಕೊಮ್ಮೆ ಅದನ್ನು ತೆಗೆದು ಹೊಲಿಗೆ ಮೆಷಿನ್ನಿನ ಎಣ್ಣೆ ಹಚ್ಚಿ ಇಡುವುದು ಅವಳಿಗೆ ಗೊತ್ತಿತ್ತು. ಆದರೆ ಗುಂಡಿನ ಮ್ಯಾಗಜೀನನ್ನು ಅವನು ಯಾವತ್ತೂ ಬೇರೆಯಾಗಿ, ಇನ್ನೊಂದು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ. ಅವತ್ತು ಅದು ಪಿಸ್ತೂಲಿನ ಒಳಗಿತ್ತು.

"ಏನ್ರೀ ಇದು?"

"ಸುಮ್ನೆ. ಎಣ್ಣೆ ಹಾಕ್ತಿದ್ದೆ."

ಎಣ್ಣೆಯ ಬುಡ್ಡಿ ಅಲ್ಲೆಲ್ಲೂ ಇರಲಿಲ್ಲ. ಅವಳು ಕಿರುಚಲಿಲ್ಲ. ಮೆಲ್ಲಗೆ ಪಕ್ಕದಲ್ಲಿ ಕುಳಿತು, "ಕಾಫಿ ಮಾಡ್ತೀನಿ, ಎತ್ತಿಡಿ" ಎಂದಳು. ಅವನು ಎತ್ತಿಟ್ಟ, ಬೀಗ ಹಾಕಿದ. ಕಾಫಿ ಸೋಸುವಾಗಲೂ ಅವಳ ಕಿವಿ ಒಳಕೋಣೆಯ ಕಡೆಗೇ ಇತ್ತು.

ಮರುದಿನ ಬೆಳಿಗ್ಗೆ ಸ್ವಾಮಿ ಸ್ನಾನಕ್ಕೆ ಹೋಗುವಾಗ ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟ. ಹೇಮಶ್ರೀ ಟ್ರಂಕು ತೆಗೆದಳು. ಅವನು ಮಾಡುವುದನ್ನು ನೋಡಿದ್ದಳಾದ್ದರಿಂದ ಮ್ಯಾಗಜೀನು ಬಿಡಿಸಲು ಬಂತು. ರಕ್ತದ ಟ್ಯೂಬುಗಳನ್ನಿಡುವ ನೀಲಿ ಡಬ್ಬಿಯಲ್ಲಿ, ಐಸ್ ಪ್ಯಾಕುಗಳ ಕೆಳಗೆ ಪಿಸ್ತೂಲನ್ನೂ ಮ್ಯಾಗಜೀನನ್ನೂ ಇಟ್ಟು ಮುಚ್ಚಳ ಒತ್ತಿದಳು. ಮೊದಲು ಕುಕ್ಕರಹಳ್ಳಿ ಕೆರೆಯ ಹತ್ತಿರ ಗಾಡಿ ನಿಲ್ಲಿಸಿದಳು. ಏರಿಯ ಮೇಲೆ ವಾಕಿಂಗಿನವರು ಜಾತ್ರೆಯಂತೆ ನೆರೆದಿದ್ದರು. ಒಬ್ಬರು ಗುರುತು ಹಿಡಿದು, "ಏನಮ್ಮ ಹೇಮ, ನನ್ನ ಶುಗರ್ ರಿಪೋರ್ಟು?" ಎಂದು ಕೇಳಿದರು. ಅವಳು ಅಲ್ಲಿಂದ ಯಾದವಗಿರಿಗೆ ಹೋದಳು.

ಅವತ್ತಿನ ಮೊದಲ ಮನೆ ಗೋವಿಂದರಾಜು ಅವರದು. ಅವರ ಅಜ್ಜ ಅರಮನೆಯ ಕಚೇರಿಯಲ್ಲಿದ್ದವರು. ಗೋವಿಂದರಾಜು ವಕೀಲಿ ಮಾಡಿ, ಈಗ ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿದ್ದರು. ಹೇಮಶ್ರೀ ಅವರ ಹೆಂಡತಿ ಚಂದ್ರಮತಿಯವರ ರಕ್ತ ತೆಗೆದು, ಹತ್ತಿ ಒತ್ತಿ, ಹೆಸರು ಬರೆದ ಚೀಟಿ ಅಂಟಿಸಿದಳು. ಆಮೇಲೆ ವರಾಂಡಾದಲ್ಲಿ ಪೇಪರು ಓದುತ್ತಿದ್ದ ಅವರ ಮುಂದೆ ನಿಂತಳು.

"ಸರ್, ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು" ಎಂದು ಡಬ್ಬಿಯ ಮುಚ್ಚಳ ತೆಗೆದಳು.

ಗೋವಿಂದರಾಜು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಮುಚ್ಚು. ಮೊದಲು ಮುಚ್ಚಮ್ಮ ಅದನ್ನ."

ಅವಳು ಎಲ್ಲವನ್ನೂ ಹೇಳಿದಳು. ಅವರು ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು.

"ಅವನ ಕೈಯಲ್ಲೇ ಒಪ್ಪಿಸಿದ್ರೆ ಒಳ್ಳೇದಿತ್ತು."

"ಅವರು ಕೊಡಲ್ಲ ಸರ್. ಇಪ್ಪತ್ತೈದು ವರ್ಷದಿಂದ ಕೊಡದವ್ರು."

"ನೋಡಮ್ಮ, ಇದನ್ನ ಠಾಣೆಗೆ ಕೊಟ್ರೆ ಅವನ ಮೇಲೆ ಕೇಸಾಗುತ್ತೆ. ನಾವಾಗಿ ತಂದುಕೊಟ್ವಿ ಅಂದ್ರೂ ಆಗುತ್ತೆ. ಲೈಸೆನ್ಸಿಲ್ಲದ ಆಯುಧ ಮನೇಲಿಟ್ಟುಕೊಳ್ಳೋದು ಸಣ್ಣ ತಪ್ಪಲ್ಲ. ಅರೆಸ್ಟ್ ಮಾಡ್ತಾರೆ. ಆ ಬಂದೂಕಿನ ಲೈಸೆನ್ಸೂ ರದ್ದಾಗುತ್ತೆ, ಕೆಲಸಾನೂ ಹೋಗುತ್ತೆ."

"ಬಂದೂಕೂ ಮನೆಗೆ ಬರಲ್ವಾ ಸರ್?"

"ಬರಲ್ಲ."

"ಹಂಗಾದ್ರೆ ಕೊಟ್ಬುಡ್ತೀನಿ."

ಅವರು ಅವಳ ಮುಖವನ್ನೇ ನೋಡಿದರು. "ಅವನು ನಿನ್ನ ಕ್ಷಮಿಸದೆ ಹೋಗಬಹುದು."

"ಇದ್ರೆ ತಾನೆ ಸರ್ ಕ್ಷಮಿಸೋದು, ಬಿಡೋದು" ಎಂದಳು ಹೇಮಶ್ರೀ. ಒಳಗಿನಿಂದ ಕಾಫಿ ತಂದ ಚಂದ್ರಮತಿ ಲೋಟ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು.

ಗೋವಿಂದರಾಜು ಅಂಗಿ ಬದಲಿಸಿ ಅವಳ ಜೊತೆಗೆ ಠಾಣೆಗೆ ಬಂದರು. ಪೊಲೀಸರು ಮಹಜರು ಮಾಡಿ ಪಿಸ್ತೂಲನ್ನು ಬಟ್ಟೆಯಲ್ಲಿ ಹೊಲಿದು ಅರಗಿನ ಮೊಹರು ಒತ್ತಿದರು. ಇನ್‌ಸ್ಪೆಕ್ಟರಿಗೆ ಸ್ವಾಮಿಯ ಪರಿಚಯವಿತ್ತು. ಬೇಸರದಿಂದಲೇ, "ಕಾನೂನು ಕಣ್ರೀ, ನನ್ನ ಕೈಲಿಲ್ಲ" ಎಂದರು. ಮಧ್ಯಾಹ್ನ ಬೋಗಾದಿಯ ಮನೆಯ ಮುಂದೆ ಜೀಪು ನಿಂತಾಗ ಪಿ.ಜಿ. ಹುಡುಗರು ಬಾಲ್ಕನಿಗಳಿಂದ ಮೊಬೈಲು ಹಿಡಿದು ನೋಡುತ್ತಿದ್ದರು. ಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಬಂದ. ಹೆಂಡತಿಯ ಕಡೆ ತಿರುಗಿ ನೋಡಲಿಲ್ಲ. ಜೀಪು ಹತ್ತುವಾಗ ಕಾನ್‌ಸ್ಟೇಬಲ್ ತೋಳು ಹಿಡಿಯಲು ಬಂದರೆ, "ಬೇಡಪ್ಪ, ಹತ್ತುತೀನಿ" ಎಂದ.

ಪೇಪರಿನಲ್ಲಿ ಸುದ್ದಿ ಬಂತು. ಮಾಜಿ ಸೈನಿಕನ ಮನೆಯಲ್ಲಿ ಅಕ್ರಮ ಪಿಸ್ತೂಲು ಎಂದು ಬರೆದಿದ್ದರು. ಸಮನ್ವಿತಾ ಆ ಪುಟವನ್ನು ಅಮ್ಮನ ಮುಂದೆ ಹಿಡಿದಳು.

"ಅಪ್ಪನ್ನ ನೀನೇ ಹಿಡ್ಕೊಟ್ಟೆ."

"ಹೌದು ಕಣೆ."

"ಯಾಕಮ್ಮ? ಕೆರೆಗೋ ಬಾವಿಗೋ ಹಾಕಿದ್ರೆ ಆಗ್ತಿರ್ಲಿಲ್ವಾ?"

ತಾನು ಲ್ಯಾಬಿನಿಂದ ಬೇಗ ಬಂದ ಆ ಮಧ್ಯಾಹ್ನದ ವಿಷಯವನ್ನು ಹೇಮಶ್ರೀ ಮಗಳಿಗೆ ಹೇಳಲಿಲ್ಲ. ಅಪ್ಪ ಆ ಸ್ಥಿತಿಯಲ್ಲಿ ಕುಳಿತಿದ್ದ ಚಿತ್ರ ಮಗಳ ಕಣ್ಣಿಗೆ ಕಟ್ಟುವುದು ಅವಳಿಗೆ ಬೇಕಿರಲಿಲ್ಲ. ಸಮನ್ವಿತಾ ಅವಳ ಜೊತೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಿದ್ದರು.

ಹೇಮಶ್ರೀ ಜೈಲಿಗೆ ಭೇಟಿಗೆಂದು ಹೋದ ಮೊದಲ ಸಲ ಸ್ವಾಮಿ ಅವಳನ್ನು ನೋಡಲು ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಮೂರನೆಯ ಸಲ ಬಂದ. ನಡುವೆ ತಂತಿಯ ಜಾಲರಿ. ಗಡ್ಡ ಬೆಳೆದಿತ್ತು, ಹಣೆಯ ಮೇಲೆ ವಿಭೂತಿ ಇತ್ತು. ಅಕ್ಕಪಕ್ಕದಲ್ಲಿ ಎಲ್ಲರೂ ಕೂಗಿ ಕೂಗಿ ಮಾತಾಡುತ್ತಿದ್ದರು. ಅವನು ಜಾಲರಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದ.

"ಅದು ನಂದಲ್ಲ ಹೇಮ. ರಾಮಯ್ಯಂದು."

ಅವಳಿಗೆ ಅರ್ಥವಾಗಲಿಲ್ಲ.

"ಬಂಕರ್ ಹಿಡಿದ ದಿನ ಅದು ಅವನ ಕೈಗೆ ಸಿಕ್ತು. ನಮ್ಮಂಥ ಜವಾನರಿಗೆ ರೈಫಲ್ಲು, ಪಿಸ್ತೂಲು ಆಫೀಸರ್ ಸೊಂಟಕ್ಕೆ. ಅವನು ಜನ್ಮದಲ್ಲಿ ಪಿಸ್ತೂಲು ಮುಟ್ಟಿರ್ಲಿಲ್ಲ. ಮಗು ಥರ ಖುಷಿಪಟ್ಟ. ಊರಿಗೆ ತಗೊಂಡೋಗಿ ಅವ್ವಂಗೆ ತೋರಿಸ್ಬೇಕು ಕಣೋ, ಸಾಹೇಬರು ಇಟ್ಕೊಳೋದು ಇದೇ ನೋಡವ್ವ ಅನ್ಬೇಕು ಅಂದ. ಜಮೆ ಮಾಡ್ಬೇಕು, ಹುಚ್ಚಾ ಅಂದೆ. ನಗಾಡ್ಕೊಂಡು ಜಾಕೆಟ್ ಒಳಗೆ ಇಟ್ಕೊಂಡ. ಮಾರನೇ ದಿನ ಶೆಲ್ ಬಿತ್ತು."

ಸ್ವಾಮಿ ಒಮ್ಮೆ ಅಕ್ಕಪಕ್ಕ ನೋಡಿ ಮುಂದುವರಿಸಿದ.

"ಮೊದಲು ಅವನ ಹತ್ರ ಹೋದೋನು ನಾನೇ. ಏನೂ ಮಾತಾಡ್ಲಿಲ್ಲ ಅವನು, ಮಾತಾಡೋ ಹಾಗೇ ಇರ್ಲಿಲ್ಲ. ಎದೆ ಮೇಲೆ ಕೈ ಇಟ್ರೆ ಇದು ಸಿಕ್ತು. ಹೆಣ ಕೆಳಗಿಳಿಸಿದ ಮೇಲೆ ಜೇಬೆಲ್ಲ ನೋಡ್ತಾರೆ. ಶತ್ರು ಪಿಸ್ತೂಲು ಬಚ್ಚಿಟ್ಟುಕೊಂಡಿದ್ದ ಅಂತ ಬರೀತಾರೆ. ಪ್ರಾಣ ಕೊಟ್ಟೋನ ಹೆಸರಿನ ಪಕ್ಕ ಕಳ್ಳ ಅಂತ ಬೀಳುತ್ತೆ. ತೆಗೆದು ನನ್ನ ಜಾಕೆಟ್‌ಗೆ ಹಾಕ್ಕೊಂಡೆ. ಕಣಿವೆಗೆ ಎಸೀಬೇಕು ಅಂತಲೇ ತೆಗೆದಿದ್ದು. ಅವನ ಮೈ ಬಿಸಿ ಇನ್ನೂ ಅದರಲ್ಲಿತ್ತು. ಕೈ ಬರ್ಲಿಲ್ಲ. ಟಾರ್ಪಾಲು ಹಾಸಿದ ದಿನ ಇಟ್ಟಿದ್ರೆ ಎಲ್ಲಿ ಸಿಕ್ತು, ಯಾವಾಗ ಸಿಕ್ತು ಅಂತ ಕೇಳ್ತಿದ್ರು. ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ ನನಗೆ. ಆಮೇಲೆ ಕಲಿತೆ. ಆ ಅವ್ವಂಗೆ ವರ್ಷ ವರ್ಷ ಹೇಳ್ದೆ."

"ಇದನ್ನ ಕೋರ್ಟಲ್ಲಿ ಹೇಳಿ. ಗೋವಿಂದರಾಜು ಸರ್‌ಗೆ ಹೇಳ್ತೀನಿ."

"ಹೇಳಿದ್ರೆ ನಾನು ಸತ್ತೆ ಅಂತ್ಲೇ ತಿಳ್ಕೊ" ಎಂದ ಸ್ವಾಮಿ. ಅವನ ದನಿ ಏರಲಿಲ್ಲ. "ಆ ಊರಲ್ಲಿ ಮಕ್ಕಳು ಅವನ ಹೆಸರಿನ ಶಾಲೆಗೆ ಹೋಗ್ತಾವೆ."

ಸಮಯ ಮುಗಿಯಿತೆಂದು ಕರೆದರು. ಹೊರಡುವಾಗ ಅವನು, "ಅವತ್ತು ನೀನು ಬೇಗ ಮನೆಗೆ ಬಂದಿದ್ದು..." ಎಂದು ಏನೋ ಹೇಳಹೊರಟು, ತುಟಿ ಕಚ್ಚಿಕೊಂಡು ಒಳಗೆ ಹೋದ.

ಗೋವಿಂದರಾಜು ಕಪಾಟಿನಿಂದ ಕರಿಕೋಟು ತೆಗೆದು ತಾವೇ ಕೇಸು ನಡೆಸಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಜಾಮೀನು ಸಿಕ್ಕಿತು. ಹೊರಬಂದ ಸ್ವಾಮಿಯನ್ನು ಹೇಮಶ್ರೀ ಮನೋವೈದ್ಯರ ಬಳಿಗೆ ಕರೆದೊಯ್ದಳು. ಈ ಸಲ ಅವನು ಬೇಡವೆನ್ನಲಿಲ್ಲ. ಮಾತ್ರೆ ನುಂಗುತ್ತಿದ್ದ, ನಿದ್ದೆ ಮಾಡುತ್ತಿದ್ದ. ಕಡಕೊಳದ ಕೆಲಸ ಹೋಗಿತ್ತು. ಪ್ರತಿ ಜುಲೈನಲ್ಲಿ ಶಾಲು ಹೊದಿಸಲು ಕರೆಯುತ್ತಿದ್ದ ಮಾಜಿ ಸೈನಿಕರ ಬಳಗ ಆ ವರ್ಷ ಕರೆಯಲಿಲ್ಲ. ರಾಮಯ್ಯನ ಊರಿಗೆ ಅವನಾಗಿಯೇ ಹೋಗಲಿಲ್ಲ.

ಪಿಸ್ತೂಲು ನಿಷೇಧಿತ ವರ್ಗದ್ದಲ್ಲವೆಂದು ಪ್ರಯೋಗಾಲಯದಿಂದ ವರದಿ ಬಂತು. ಅದೊಂದು ಸಮಾಧಾನ. ಇಲ್ಲದಿದ್ದರೆ ಏಳು ವರ್ಷಕ್ಕೆ ಕಡಿಮೆ ಇರುತ್ತಿರಲಿಲ್ಲ. ಆದರೂ ಎರಡು ವರ್ಷವಂತೂ ಇತ್ತು. ವಿಶೇಷ ಕಾರಣವಿದ್ದರೆ ನ್ಯಾಯಾಧೀಶರು ಅದಕ್ಕಿಂತ ಕಡಿಮೆ ಕೊಡಬಹುದು ಎಂದರು ಗೋವಿಂದರಾಜು. ಅಂಥ ಕಾರಣಕ್ಕಾಗಿ ಅವರು ಸೈನ್ಯಕ್ಕೆ ಬರೆಸಿದರು. ಆ ಕಾರ್ಯಾಚರಣೆಯಲ್ಲಿ ಅಂಥ ಪಿಸ್ತೂಲು ವಶವಾದ ದಾಖಲೆ ತಮ್ಮಲ್ಲಿಲ್ಲ ಎಂದು ಉತ್ತರ ಬಂತು. ಜಮೆ ಮಾಡದ ವಸ್ತುವಿಗೆ ದಾಖಲೆ ಎಲ್ಲಿಂದ ಬರಬೇಕು? ಯುದ್ಧದ ಪಿಸ್ತೂಲೆಂಬ ಮಾತೇ ಕಟ್ಟುಕಥೆ, ಎಲ್ಲೋ ಕಳ್ಳಸಂತೆಯಲ್ಲಿ ಕೊಂಡದ್ದು ಎಂದು ಸರ್ಕಾರಿ ವಕೀಲರು ವಾದಿಸಿದರು. ಅದನ್ನು ಕೇಳುವಾಗ ಸ್ವಾಮಿ ಕಟಕಟೆಯ ಸರಳನ್ನು ಹಿಡಿದ ಕೈ ಬಿಳುಚಿಕೊಂಡದ್ದನ್ನು ಹೇಮಶ್ರೀ ನೋಡಿದಳು.

"ಇವನು ಏನೋ ಮುಚ್ಚಿಡ್ತಿದಾನೆ. ನಿನಗೆ ಗೊತ್ತಿದೆ ಅಲ್ವಾ?" ಎಂದು ಗೋವಿಂದರಾಜು ಕೋರ್ಟಿನ ಹೊರಗೆ, ಮರದ ಕೆಳಗೆ ನಿಲ್ಲಿಸಿ ಕೇಳಿದರು.

"ನನಗೆ ಹೇಳಿದಾರೆ ಸರ್. ನಾನು ಹೇಳೋ ಹಾಗಿಲ್ಲ."

ಅವರು ನಿಟ್ಟುಸಿರು ಬಿಟ್ಟರು. "ಗಂಡ ಹೆಂಡತಿಗೆ ಹೇಳಿದ ಮಾತನ್ನ ಅವನ ಒಪ್ಪಿಗೆ ಇಲ್ಲದೆ ಕೋರ್ಟೂ ಬಾಯಿ ಬಿಡಿಸೋ ಹಾಗಿಲ್ಲಮ್ಮ. ನಾನು ಕೇಳಲ್ಲ ಬಿಡು."

ಸ್ವಾಮಿ ವಿಚಾರಣೆಯನ್ನು ಬೆಳೆಸಲಿಲ್ಲ. ತಪ್ಪೊಪ್ಪಿಕೊಳ್ಳುತ್ತೇನೆ ಎಂದ. ನ್ಯಾಯಾಧೀಶರು ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದರು.

"ಇದು ನಿಮಗೆ ಎಲ್ಲಿ ಸಿಕ್ಕಿದ್ದು?"

"ಯುದ್ಧದಲ್ಲಿ ಸರ್."

"ನಿಯಮ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಒಪ್ಪಿಸಲಿಲ್ಲ?"

ಸ್ವಾಮಿ ತಲೆ ತಗ್ಗಿಸಿದ. "ಆಸೆ ಬಿತ್ತು ಸರ್."

ಅದೊಂದು ಮಾತಿಗೆ ವಿಶೇಷ ಕಾರಣವೆಂಬುದು ಉಳಿಯಲಿಲ್ಲ. ಎರಡು ವರ್ಷ ಸಜೆಯಾಯಿತು. ಪಿಸ್ತೂಲನ್ನು ನಾಶಪಡಿಸಬೇಕೆಂದು ಆದೇಶದ ಕೊನೆಯಲ್ಲಿತ್ತು. ಪೊಲೀಸರ ಜೊತೆ ಹೋಗುವಾಗ ಅವನು ಮಗಳ ತಲೆಯ ಮೇಲೆ ಕೈಯಿಟ್ಟು, "ನಿಮ್ಮಮ್ಮನ ಹತ್ರ ಮಾತಾಡು. ಅವಳಿಂದ ಇದೀನಿ" ಎಂದ. ಸಮನ್ವಿತಾ ಅವತ್ತು ಸ್ಕೂಟರಿನ ಹಿಂದೆ ಕುಳಿತು ಮನೆಯವರೆಗೂ ಅಮ್ಮನ ಬೆನ್ನಿಗೆ ಮುಖವಿಟ್ಟು ಅತ್ತಳು.

ಕಳೆದ ಜುಲೈನಲ್ಲಿ ಅವಳು ಗಂಡನ ಬದಲು ರಾಮಯ್ಯನ ಊರಿಗೆ ಹೋದಳು. ದೇವರಾಜ ಮಾರುಕಟ್ಟೆಯಲ್ಲಿ ಸೇವಂತಿಗೆಯ ಹಾರ ಕಟ್ಟಿಸಿಕೊಂಡು, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದಳು. ಪ್ರತಿಮೆಯ ಮುಂದೆ ಶಾಮಿಯಾನ ಹಾಕಿದ್ದರು. ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ಅವಳ ಸರದಿ ಬಂದಾಗ ರಾಮಯ್ಯನ ಅಣ್ಣನ ಮಗ ಗಗನ ಅಡ್ಡ ಬಂದ. ಹಿಂದೆಲ್ಲ ಸ್ವಾಮಿಯ ಕಾಲಿಗೆ ನಮಸ್ಕಾರ ಮಾಡುತ್ತಿದ್ದ ಯುವಕ ಅವನು.

"ನೀವು ಬೇಡ ಅಕ್ಕ. ತಪ್ ತಿಳ್ಕೋಬ್ಯಾಡಿ."

"ಯಾಕಪ್ಪ?"

"ಪೇಪರ್ನಾಗೆ ಎಲ್ಲಾ ಓದವ್ರೆ. ಜನ ಮಾತಾಡ್ತಾರೆ. ಸೈನ್ಯದ ಮಾಲ್ ಕದ್ದು ತಂದೋರ ಕಡೆಯಿಂದ ಹಾರ ಹಾಕಿಸ್ಕೊಂಡ್ರೆ ಎಂಗೆ? ನಮ್ ಚಿಕ್ಕಪ್ಪ ಅಂಥೋನಲ್ಲ ಅಕ್ಕ. ಕಳಂಕ ಇಲ್ದಂಗೆ ಸತ್ತೋನು."

ಸುತ್ತಲಿದ್ದವರು ಮಾತು ನಿಲ್ಲಿಸಿ ಅವಳನ್ನೇ ನೋಡಿದರು. ಹೇಮಶ್ರೀಯ ಎದೆಯಲ್ಲಿ ಒಂದೇ ಒಂದು ವಾಕ್ಯ ಎದ್ದು ಗಂಟಲಿನವರೆಗೆ ಬಂತು. ಪ್ರತಿಮೆಯ ಕಡೆ ನೋಡಿದಳು. ಶಿಲ್ಪಿ ಮೀಸೆಯನ್ನು ದಪ್ಪ ಮಾಡಿದ್ದ. ಮುಖ ಮಾತ್ರ ಇಪ್ಪತ್ತನಾಲ್ಕರ ಹುಡುಗನದೇ.

"ಹೌದಪ್ಪ, ಅವರು ಅಂಥೋರಲ್ಲ" ಎಂದಳು. "ನೀನೇ ಹಾಕ್ಬುಡು ಇದನ್ನ." ಹಾರವನ್ನು ಅವನ ಕೈಗೆ ಕೊಟ್ಟಳು. ಗಗನ ಏನು ಮಾಡಬೇಕೆಂದು ತೋಚದೆ ಹಿಡಿದುಕೊಂಡು ನಿಂತ. ಅವಳು ಶಾಮಿಯಾನದಿಂದ ಹೊರಗೆ ಬಂದು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕುಳಿತಳು. ಬಸ್ಸು ತಡವಾಗಿ ಬಂತು. ಅಷ್ಟರಲ್ಲಿ ಮಕ್ಕಳು ಹಾಡಿದರು, ಭಾಷಣವಾಯಿತು, ಲಾಡು ಹಂಚಿದರು. ಒಬ್ಬಳು ಹುಡುಗಿ ಅವಳು ಯಾರೆಂದು ಗೊತ್ತಿಲ್ಲದೆ ಅವಳ ಕೈಗೂ ಒಂದು ಲಾಡು ಇಟ್ಟು ಹೋದಳು. ಆಗ ಅವಳಿಗೆ ಅಳು ಬಂತು.

ಆ ವಾರ ಜೈ​ಲಿನ ಜಾಲರಿಯ ಆಚೆ ಸ್ವಾಮಿ ಮೊದಲು ಕೇಳಿದ್ದು ಅದನ್ನೇ.

"ಹೋಗಿದ್ಯಾ?"

"ಹೋಗಿದ್ದೆ."

"ಹಾರ ಹಾಕಿದ್ಯಾ?"

"ಹಾಕ್ದೆ."

"ಜನ ಬಂದಿದ್ರಾ?"

"ತುಂಬಾ ಜನ. ಮಕ್ಕಳು ಹಾಡು ಹೇಳಿದ್ರು. ಗಗನ ನಿಮ್ಮನ್ನ ಕೇಳ್ದ."

ಸ್ವಾಮಿಯ ಮುಖ ಸಡಿಲವಾಯಿತು. ಬಹಳ ದಿನಗಳ ಮೇಲೆ ಅವನ ಕಣ್ಣಿನ ಸುತ್ತ ನಗುವಿನ ಗೆರೆ ಕಂಡಿತು. ಒಳಗೆ ಅಡುಗೆಮನೆಯ ಕೆಲಸ ಕೊಟ್ಟಿದ್ದಾರೆಂದೂ, ಚಪಾತಿ ಲಟ್ಟಿಸಲು ಕಲಿತೆನೆಂದೂ ಹೇಳಿದ. ಸಮನ್ವಿತಾಳ ಕೆಲಸದ ಬಗ್ಗೆ ಕೇಳಿದ. ಮುಂದಿನ ಸಲ ಬರುವಾಗ ಓದುವ ಕನ್ನಡಕ ತರಬೇಕು, ಹಳೆಯದರ ಕಡ್ಡಿ ಮುರಿದಿದೆ ಎಂದ. ಹೇಮಶ್ರೀ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಹೊರಗೆ ಬಂದಾಗ ತುಂತುರು ಹನಿಯುತ್ತಿತ್ತು. ಮಧ್ಯಾಹ್ನ ಅವಳಿಗೆ ಇನ್ನೂ ಎರಡು ಮನೆಗಳಲ್ಲಿ ರಕ್ತ ತೆಗೆಯುವುದಿತ್ತು. ಕನ್ನಡಕದಂಗಡಿ ಮುಚ್ಚುವುದರೊಳಗೆ ಹೋಗಬೇಕೆಂದು ಅವಳು ಗಾಡಿ ಸ್ಟಾರ್ಟ್ ಮಾಡಿದಳು.